ಕೋಲ್ಕತ್ತಾ ಟ್ರಿಪ್, ನಡುವೆ ಒಂದು ಫುಟ್‌ಬಾಲ್ ಮ್ಯಾಚ್ - ನಾವು ಪ್ಲಾನ್ ಮಾಡಿದ ರೀತಿ

ನನ್ನ ಮಗನಿಗೆ ಹನ್ನೆರಡು ವರ್ಷ, ಊಟ ನಿದ್ದೆ ಎಲ್ಲಾ ಫುಟ್‌ಬಾಲೇ. 2024ರ ಸೆಪ್ಟೆಂಬರ್ 28ಕ್ಕೆ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಕೋಲ್ಕತ್ತಾದ ಮೋಹನ್ ಬಗಾನ್‌ನ 3-0 ಸೋಲಿಸ್ತಲ್ಲ, ಆ ಮ್ಯಾಚ್‌ಗೆ ಅಪ್ಪ ಮಗ ಹೋಗಿದ್ರು, ಅವತ್ತು ರಾತ್ರಿ ಮನೆಗೆ ಬಂದವನೇ ಶೂ ಬಿಚ್ಚೋದಕ್ಕೆ ಮುಂಚೆ ಕೇಳಿದ್ದು ಒಂದೇ, "ಅಮ್ಮ, ಕೋಲ್ಕತ್ತಾಗೆ ಹೋಗಿ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಮ್ಯಾಚ್ ನೋಡೋಣ್ವಾ?" ಅದೇ ವರ್ಷ ಜೂನ್ 6ಕ್ಕೆ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಇಂಡಿಯಾ ಜೆರ್ಸೀಲಿ ವಿದಾಯದ ಮ್ಯಾಚ್ ಆಡಿದ್ದು ಆ ಸ್ಟೇಡಿಯಂನಲ್ಲೇ, ಕುವೈತ್ ಮೇಲೆ 0-0, ಅದನ್ನ ಟೀವೀಲಿ ನೋಡ್ತಾ ಇವನು ಅತ್ತಿದ್ದು ನನಗೆ ನೆನಪಿತ್ತು. ಹಾಗಾಗಿ ಇಲ್ಲ ಅನ್ನೋಕೆ ಮನಸ್ಸಾಗ್ಲಿಲ್ಲ.

ಆದರೆ ಹೋಗೋರು ನಾವಿಬ್ಬರೇ ಅಲ್ವಲ್ಲ. ಅತ್ತೆಗೆ ಎಪ್ಪತ್ತೊಂದು, ಮಗಳಿಗೆ ಏಳು, ನಮ್ಮ ಯಜಮಾನ್ರು, ನಾನು, ಒಟ್ಟು ಐದು ಜನ. ಬರೀ ಮ್ಯಾಚ್‌ಗೋಸ್ಕರ ಐದು ಜನ ಫ್ಲೈಟ್ ಹತ್ತೋದು ಸರಿ ಅನ್ನಿಸ್ಲಿಲ್ಲ, ಉಳಿದವರಿಗೂ ಅದು ಅವರವರ ಟ್ರಿಪ್ ಅನ್ನಿಸ್ಬೇಕಿತ್ತು.

ಮೊದಲ್ನೇ ಸಲ ಪ್ಲಾನ್ ಮಾಡಿದ್ದು ಕೈಕೊಡ್ತು, ಅದನ್ನ ಮೊದಲು ಹೇಳ್ಬಿಡ್ತೀನಿ. ಮಗನಿಗೆ ಡರ್ಬಿನೇ ಬೇಕಿತ್ತು, ಅಂದ್ರೆ ಒಂದೇ ಊರಿನ ಎರಡು ಟೀಮ್‌ಗಳ ಮ್ಯಾಚ್, ಮೋಹನ್ ಬಗಾನ್ - ಈಸ್ಟ್ ಬೆಂಗಾಲ್, 2025ರ ಜನವರಿ 11. ನಾವು ಡೇಟ್ ನೋಡಿದ್ದೇ ತಡ ಫ್ಲೈಟ್ ಟಿಕೆಟ್ ತಗೊಂಡ್ವಿ, ರೂಮ್ ಬುಕ್ ಮಾಡಿದ್ವಿ. ಇನ್ನೇನು ಹೊರಡಬೇಕು ಅನ್ನೋಷ್ಟ್ರಲ್ಲಿ ಮ್ಯಾಚ್ ಗುವಾಹಟಿಗೆ ಹೋಯ್ತು. ಗಂಗಾಸಾಗರ ಮೇಳದ ಬಂದೋಬಸ್ತ್‌ಗೆ ಪೊಲೀಸ್ರೆಲ್ಲ ಬೇಕಾಗಿದ್ರಿಂದ ಅಷ್ಟು ದೊಡ್ಡ ಮ್ಯಾಚ್‌ಗೆ ಕೊಡೋಕೆ ಜನ ಇರ್ಲಿಲ್ಲ. ಅದರಲ್ಲಿ ತಪ್ಪು ಹುಡುಕೋದೇನೂ ಇಲ್ಲ, ಲಕ್ಷಾಂತರ ಜನ ಸೇರೋ ಸ್ನಾನ ಅದು. ರೂಮ್ ದುಡ್ಡು ಪೂರ್ತಿ ವಾಪಸ್ ಬಂತು, ಆದರೆ ಫ್ಲೈಟ್‌ದು ಡೇಟ್ ಚೇಂಜ್ ಮಾಡೋಕೆ ಐದು ಜನಕ್ಕೂ ಸೇರಿ ಒಳ್ಳೇ ಮೊತ್ತವೇ ಹೋಯ್ತು. ಡೇಟ್ ಬದಲಾಯಿಸೋಕೆ ಫೀಸ್ ಇಲ್ಲದ ಟಿಕೆಟ್‌ಗೆ ಸ್ವಲ್ಪ ಜಾಸ್ತಿ ಕೊಟ್ಟಿದ್ರೆ ಅಷ್ಟು ಹೋಗ್ತಿರ್ಲಿಲ್ಲ. ನಮ್ಮ ದೇಶದ ಫುಟ್‌ಬಾಲ್ ಮ್ಯಾಚ್‌ಗಳು ಡೇಟು, ಊರು ಎರಡನ್ನೂ ಬದಲಾಯಿಸ್ತವೆ, ಅದನ್ನ ಲೆಕ್ಕದಲ್ಲಿ ಇಟ್ಕೊಂಡೇ ಬುಕ್ ಮಾಡಿ.

ಎರಡನೇ ಸಲ ನಾನು ಉಲ್ಟಾ ಕಡೆಯಿಂದ ಶುರು ಮಾಡ್ದೆ. ಮ್ಯಾಚ್ ಇಲ್ಲದೇ ಹೋದ್ರೂ ಟ್ರಿಪ್ ನಿಲ್ಲಬೇಕು, ಹಾಗೆ ದಿನಗಳನ್ನ ಜೋಡಿಸೋಣ ಅಂತ. ಜನವರಿ 27, ಸೋಮವಾರ, ರಾತ್ರಿ ಏಳೂವರೆಗೆ ಮೋಹನ್ ಬಗಾನ್ - ಬೆಂಗಳೂರು ಎಫ್‌ಸಿ ಇತ್ತು. ರಿಪಬ್ಲಿಕ್ ಡೇ ಭಾನುವಾರ ಬಂದಿತ್ತು, ಶನಿವಾರ ಬೆಳಿಗ್ಗೆ ಹೋಗಿ ಮಂಗಳವಾರ ವಾಪಸ್, ಮಕ್ಕಳಿಗೆ ಎರಡೇ ದಿನ ರಜೆ ಹಾಕಿದ್ರೆ ಸಾಕು. ಮಂಗಳವಾರದ ಫ್ಲೈಟ್ ಭಾನುವಾರ ರಾತ್ರಿದಕ್ಕಿಂತ ಅಗ್ಗವೂ ಇತ್ತು. ಎರಡು ದಿನ ಮುಂಚೆ ಹೋಗಿದ್ದಕ್ಕೆ ಇನ್ನೊಂದು ಕಾರಣ ಇದೆ, ಜನವರೀಲಿ ಅಲ್ಲಿ ಬೆಳಗಿನ ಹೊತ್ತು ಮಂಜು ಬಿದ್ದು ಫ್ಲೈಟ್ ಗಂಟೆಗಟ್ಟಲೆ ಲೇಟ್ ಆಗೋದುಂಟು, ಮ್ಯಾಚ್ ದಿನಾನೇ ಇಳಿಯೋ ಪ್ಲಾನ್ ಮಾಡ್ಬೇಡಿ.

ಆಮೇಲೆ ಒಂದು ಭಾನುವಾರ ಊಟ ಆದ್ಮೇಲೆ ಎಲ್ರಿಗೂ ಒಂದೊಂದು ಚೀಟಿ ಕೊಟ್ಟು ನಿಮಗೆ ಬೇಕಾಗಿರೋದು ಬರೀರಿ ಅಂದೆ. ಅತ್ತೆ ಬುಲ್ ಟೆಂಪಲ್ ರೋಡಿನ ರಾಮಕೃಷ್ಣ ಆಶ್ರಮಕ್ಕೆ ನಲವತ್ತು ವರ್ಷದಿಂದ ಹೋಗ್ತಿರೋರು, ಅವರು ದಕ್ಷಿಣೇಶ್ವರ, ಬೇಲೂರು ಮಠ ಅಂತ ಬರೆದು ಚೀಟಿ ಮಡಚಿ ಕೊಟ್ರು, ಇಷ್ಟು ವರ್ಷದಲ್ಲಿ ಅವರು ಬಾಯ್ಬಿಟ್ಟು ಕೇಳಿದ್ದ ಜಾಗ ಅದೊಂದೇ. ಮಗಳು ಮಮ್ಮಿ ಅಂತ ಬರೆದಿದ್ಳು, ಇಂಡಿಯನ್ ಮ್ಯೂಸಿಯಂನಲ್ಲಿ ಈಜಿಪ್ಟಿನ ಮಮ್ಮಿ ಇದೆ ಅಂತ ಅಣ್ಣ ಹೇಳಿದ್ನಂತೆ. ಯಜಮಾನ್ರು ಹೌರಾ ಬ್ರಿಡ್ಜು, ನದಿ ಕೆಳಗಿನ ಮೆಟ್ರೋ. ನನಗೆ ಟ್ರಾಮ್. ಮಗನ ಚೀಟೀಲಿ ಮ್ಯಾಚ್ ಜೊತೆಗೆ ಮೈದಾನ್‌ನಲ್ಲಿರೋ ಫುಟ್‌ಬಾಲ್ ಕ್ಲಬ್‌ಗಳು, ಮೈದಾನ್ ಅಂದ್ರೆ ಊರ ನಡುವಿನ ದೊಡ್ಡ ಬಯಲು.

ಇಲ್ಲಿ ಒಂದು ಸಿಕ್ಕು ಇತ್ತು. ಇಂಡಿಯನ್ ಮ್ಯೂಸಿಯಂ, ವಿಕ್ಟೋರಿಯಾ ಮೆಮೋರಿಯಲ್ ಎರಡಕ್ಕೂ ಸೋಮವಾರ ರಜೆ, ಜನವರಿ 26ಕ್ಕೂ ಬಾಗಿಲು ಹಾಕಿರ್ತಾರೆ. ಅಂದ್ರೆ ನಮಗೆ ಉಳಿದಿದ್ದು ಶನಿವಾರ ಒಂದೇ. ಇದನ್ನ ನಾನು ಮನೇಲೇ ನೋಡ್ಕೊಂಡಿದ್ದಕ್ಕೆ ಆಯ್ತು, ಇಲ್ಲಾಂದ್ರೆ ಮಗಳನ್ನ ಬಾಗಿಲ ಮುಂದೆ ಸಮಾಧಾನ ಮಾಡ್ಬೇಕಾಗ್ತಿತ್ತು. 26ರ ಬೆಳಿಗ್ಗೆ ರೆಡ್ ರೋಡಲ್ಲಿ ಪರೇಡ್ ಇರತ್ತೆ, ಮೈದಾನ್ ಸುತ್ತ ರೋಡ್ ಬಂದ್, ಹಾಗಾಗಿ ಆ ದಿನ ಊರಿನ ಉತ್ತರಕ್ಕೆ, ಅತ್ತೆಯ ದಿನ. ಸೋಮವಾರ ಮಗಂದು.

ರೂಮ್ ಎಲ್ಲಿ ತಗೋಬೇಕು ಅಂತ ಮನೇಲಿ ಸ್ವಲ್ಪ ವಾದ ಆಯ್ತು. ಪಾರ್ಕ್ ಸ್ಟ್ರೀಟ್ ಕಡೆ ಇದ್ರೆ ಎಲ್ಲದಕ್ಕೂ ಹತ್ತಿರ ಅಂತ ಯಜಮಾನ್ರು. ನಾನು ಸಾಲ್ಟ್ ಲೇಕ್ ಅಂದೆ, ಕರುಣಾಮಯಿ ಮೆಟ್ರೋ ಸ್ಟೇಷನ್ ಹತ್ರ. ಯಾಕಂದ್ರೆ ಮ್ಯಾಚ್ ಮುಗಿಯೋದು ರಾತ್ರಿ ಒಂಬತ್ತೂವರೆ, ಹತ್ತಾರು ಸಾವಿರ ಜನ ಒಟ್ಟಿಗೆ ಹೊರಗೆ ಬರ್ತಾರೆ, ಆಗ ಏಳು ವರ್ಷದ ಮಗೂನ ಹೆಗಲ ಮೇಲೆ ಹಾಕ್ಕೊಂಡು ಊರಿನ ಇನ್ನೊಂದು ತುದಿಗೆ ಕ್ಯಾಬ್ ಹುಡುಕೋದು ಆಗೋ ಮಾತಲ್ಲ. ಅತ್ತೆ ಮ್ಯಾಚ್‌ಗೆ ಬರಲ್ಲ ಅಂದಿದ್ರು, ಅವರೊಬ್ಬರೇ ಇರೋ ಜಾಗ ನಮಗೆ ಹತ್ತಿರ ಇರ್ಬೇಕಿತ್ತು. ಒಂದು ಮನೆಯಂಥ ಗೆಸ್ಟ್ ಹೌಸ್ ಸಿಕ್ತು, ಓನರ್ ಕುಟುಂಬ ಕೆಳಗಡೇನೇ ಇದ್ರು, ಅದೇ ದೊಡ್ಡ ಧೈರ್ಯ.

ಶನಿವಾರ ಬ್ಯಾಗ್ ಇಟ್ಟು ಸೀದಾ ಮ್ಯೂಸಿಯಂ. 1814ರಲ್ಲಿ ಶುರುವಾಗಿದ್ದು ಅದು, ಎಷ್ಟು ನೋಡಿದ್ರೂ ಮುಗಿಯಲ್ಲ, ನಾವು ಮಮ್ಮಿ, ಫಾಸಿಲ್‌ಗಳು, ಇಷ್ಟಕ್ಕೇ ನಿಲ್ಲಿಸಿದ್ವಿ. ವಿಕ್ಟೋರಿಯಾದಲ್ಲಿ ಒಳಗೆ ಒಂದು ಸುತ್ತು, ಆಮೇಲೆ ಹುಲ್ಲಿನ ಮೇಲೆ ಮಕ್ಕಳು ಓಡಾಡ್ಕೊಂಡಿದ್ರು. ಸಂಜೆ ಎಸ್‌ಪ್ಲನೇಡ್‌ನಿಂದ ಹೌರಾಗೆ ಮೆಟ್ರೋ, ಹೂಗ್ಲಿ ನದಿ ಕೆಳಗೆ ಹೋಗೋದು ಮುಕ್ಕಾಲು ನಿಮಿಷ ಅಷ್ಟೇ, ಸುರಂಗದಲ್ಲಿ ನೀಲಿ ಲೈಟ್ ಹಾಕಿರ್ತಾರೆ, ಈಗ ತಲೆ ಮೇಲೆ ನದಿ ಅಂತ ಗೊತ್ತಾಗ್ಲಿ ಅಂತ. ಮಗಳು ಕಿಟಕಿಗೆ ಹಣೆ ಒತ್ತಿ ಮೀನು ಹುಡುಕ್ತಿದ್ಳು. ಟಿಕೆಟ್ ಹತ್ತು ರೂಪಾಯಿ. ವಾಪಸ್ ಬರೋವಾಗ ಮೆಟ್ರೋ ಬೇಡ, ಫೆರ್ರೀಲಿ ಬನ್ನಿ, ಹೌರಾ ಬ್ರಿಡ್ಜ್ ನೀರಿನ ಮೇಲಿಂದ ನೋಡಿದ್ರೇನೇ ಅದರ ಗಾತ್ರ ಗೊತ್ತಾಗೋದು.

ಭಾನುವಾರ ಆರೂವರೆಗೇ ಹೊರಟು ದಕ್ಷಿಣೇಶ್ವರ. ಮಧ್ಯಾಹ್ನ ದಕ್ಷಿಣೇಶ್ವರ, ಬೇಲೂರು ಮಠ ಎರಡೂ ಕಡೆ ಬಾಗಿಲು ಹಾಕಿ ಸಂಜೆ ತೆಗೀತಾರೆ, ವಯಸ್ಸಾದವರನ್ನ ಕರ್ಕೊಂಡು ಹೋಗೋರು ಬೆಳಿಗ್ಗೆ ಬೇಗ ಹೊರಡಿ, ಕ್ಯೂನಲ್ಲಿ ನಿಲ್ಲೋದೂ ಕಮ್ಮಿ. ಅಲ್ಲಿಂದ ಬೇಲೂರಿಗೆ ದೋಣಿ ಇದೆ. ದಕ್ಷಿಣೇಶ್ವರದಲ್ಲಿ ಅತ್ತೆ ರಾಮಕೃಷ್ಣರ ಕೋಣೇಲಿ ಮೂಲೆಗೆ ಕೂತು ಕಣ್ಣು ಮುಚ್ಚಿದವರು ಅರ್ಧ ಗಂಟೆ ಕಣ್ಣು ಬಿಡ್ಲಿಲ್ಲ, ನಾವು ಯಾರೂ ಎಬ್ಬಿಸ್ಲಿಲ್ಲ. ಆ ದಿನಕ್ಕೆ ಬೇರೇನೂ ಇಟ್ಕೊಂಡಿರ್ಲಿಲ್ಲ, ಅದು ನಾನು ಮಾಡಿದ ಒಳ್ಳೇ ಕೆಲಸ ಅಂತ ಈಗ್ಲೂ ಅನ್ಸತ್ತೆ.

ಊಟದ ಬಗ್ಗೆ ಕೇಳೋರಿಗೆ, ನಾವು ಸಸ್ಯಾಹಾರಿಗಳು, ಮೀನಿನ ಊರಲ್ಲಿ ಏನ್ ತಿಂತೀರ ಅಂತ ಎಲ್ರೂ ಹೆದರಿಸಿದ್ರು, ಏನೂ ತೊಂದ್ರೆ ಆಗ್ಲಿಲ್ಲ. ಬೆಳಿಗ್ಗೆ ಕಚೋರಿ ಆಲೂ ದಮ್, ಮಧ್ಯಾಹ್ನ ಲೂಚಿ ಜೊತೆ ಕಡ್ಲೆಬೇಳೆ ದಾಲ್, ತೆಂಗಿನಕಾಯಿ ಚೂರು ಹಾಕಿ ಸ್ವಲ್ಪ ಸಿಹಿಯಾಗಿ ಮಾಡ್ತಾರೆ. ಜನವರಿ ಅಂದ್ರೆ ಹೊಸ ಖರ್ಜೂರದ ಬೆಲ್ಲದ ಕಾಲ, ನೋಲೆನ್ ಗುಡ್ ಅಂತಾರೆ, ಆ ಬೆಲ್ಲದ ಸಂದೇಶ್, ರಸಗುಲ್ಲ ಚಳಿಗಾಲ ಬಿಟ್ರೆ ಆ ರುಚೀಲಿ ಸಿಗಲ್ಲ.

ಸೋಮವಾರ ಬೆಳಿಗ್ಗೆ ಟ್ರಾಮ್. 1873ರಲ್ಲೇ ಆ ಊರಲ್ಲಿ ಟ್ರಾಮ್ ಶುರುವಾಗಿದ್ದು, ಮೈದಾನ್ ಪಕ್ಕದ ಒಂದು ರೂಟ್ ಬಿಟ್ಟು ಉಳಿದಿದ್ದೆಲ್ಲ ನಿಲ್ಲಿಸ್ತೀವಿ ಅಂತ 2024ರ ಸೆಪ್ಟೆಂಬರ್‌ನಲ್ಲೇ ಸರ್ಕಾರ ಹೇಳಿತ್ತು, ಅದಕ್ಕೇ ನನಗೆ ಈ ಸಲವೇ ಹತ್ತಬೇಕಿತ್ತು. ಎಸ್‌ಪ್ಲನೇಡ್‌ನಲ್ಲಿ ಇಳಿದು ಮೈದಾನ್ ಕಡೆ ನಡೆದ್ವಿ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್, ಮೂರು ಕ್ಲಬ್ಬೂ ನಡೆಯೋಷ್ಟು ದೂರದಲ್ಲೇ ಇವೆ. ಮೋಹನ್ ಬಗಾನ್ ಗೇಟ್ ಮುಂದೆ ಮಗ ಅಜ್ಜಿಗೆ 1911ರ ಕಥೆ ಹೇಳ್ದ, ಐಎಫ್‌ಎ ಶೀಲ್ಡ್ ಟೂರ್ನಮೆಂಟ್ ಫೈನಲ್‌ನಲ್ಲಿ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್‌ನ 2-1 ಸೋಲಿಸಿದ್ದು, ಹನ್ನೊಂದು ಜನದಲ್ಲಿ ಬೂಟ್ ಹಾಕಿದ್ದು ಒಬ್ಬರೇ ಅಂತ. "ಉಳಿದೋರೆಲ್ಲ ಬರಿಗಾಲಲ್ಲೇನೋ?" ಅಂತ ಅತ್ತೆ ಎರಡೆರಡು ಸಲ ಕೇಳಿದ್ರು. ನಮ್ಮ ಛೆಟ್ರಿ ಕೂಡ 2002ರಲ್ಲಿ ಇದೇ ಕ್ಲಬ್ಬಿಂದಾನೇ ಶುರು ಮಾಡಿದ್ದು ಅಜ್ಜಿ, ಅಂತ ಅದನ್ನೂ ಸೇರಿಸ್ದ.

ಹನ್ನೆರಡೂವರೆಗೆ ಊಟ, ಒಂದೂವರೆಗೆ ರೂಮ್, ಎಲ್ರೂ ಮಲಗಿದ್ವಿ. ಮ್ಯಾಚ್ ದಿನ ಮಕ್ಕಳಿಗೆ ಮಧ್ಯಾಹ್ನ ಎರಡು ಮೂರು ಗಂಟೆ ನಿದ್ದೆ ಮಾಡಿಸಲೇಬೇಕು, ಇದನ್ನ ಎಷ್ಟು ಒತ್ತಿ ಹೇಳಿದ್ರೂ ಕಮ್ಮಿ. ಎದ್ದ ಮೇಲೆ ಹೊಟ್ಟೆ ತುಂಬ ತಿನ್ನಿಸಿ, ಐದೂವರೆಗೆ ಹೊರಟ್ವಿ. ಗ್ರೀನ್ ಲೈನಲ್ಲಿ ಸಾಲ್ಟ್ ಲೇಕ್ ಸ್ಟೇಡಿಯಂ ಅಂತಾನೇ ಸ್ಟೇಷನ್ ಇದೆ, ಕರುಣಾಮಯಿಯಿಂದ ಸ್ವಲ್ಪ ಹೊತ್ತಷ್ಟೇ. ಇಳಿದ ತಕ್ಷಣ ಕೊನೇ ಟ್ರೈನ್ ಎಷ್ಟೊತ್ತಿಗೆ ಅಂತ ಕೌಂಟರ್‌ನಲ್ಲಿ ಕೇಳ್ಕೊಂಡೆ. ಟಿಕೆಟ್ ಮೇಲೆ ಇರೋ ಗೇಟ್ ನಂಬರ್ ನೋಡ್ಕೊಂಡೇ ನಡೀರಿ, ಸ್ಟೇಡಿಯಂ ಸುತ್ತ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗೋದೇ ದೊಡ್ಡ ನಡಿಗೆ, ಜೊತೆಗೆ ಪೊಲೀಸ್ ಚೆಕಿಂಗ್. ನೀರಿನ ಬಾಟಲ್, ಚಿಲ್ಲರೆ ನಾಣ್ಯ ಒಳಗೆ ಬಿಡಲ್ಲ. ಬ್ಯಾಗ್ ತರಲೇಬೇಡಿ, ಮಗೂನ ಸ್ವೆಟರ್ ಮೈಮೇಲೇ ಇರ್ಲಿ.

ಸೀಟ್ ವಿಷಯ. 1984ರಲ್ಲಿ ಕಟ್ಟಿದ ಸ್ಟೇಡಿಯಂ, ಮೂರು ಅಂತಸ್ತು, ಈಗ ಸುಮಾರು 68,000 ಜನ ಕೂರಬಹುದು, 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ 1,31,781 ಜನ ಸೇರಿದ್ರಂತೆ ಇಲ್ಲಿ. ಆಟದ ಅಂಗಳದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಕೆಳಗಿನ ಸೀಟ್ ಹತ್ತಿರ ಅಂತ ತಗೊಂಡ್ರೆ ಮಕ್ಕಳಿಗೆ ಬೇಲಿ, ಮುಂದಿನವರ ತಲೆ ಇಷ್ಟೇ ಕಾಣೋದು. ಮಧ್ಯದ ಅಂತಸ್ತು ತಗೊಳ್ಳಿ.

ನಮ್ಮ ಸೀಟ್ ಇದ್ದಿದ್ದು ಪೂರ್ತಿ ಮೋಹನ್ ಬಗಾನ್ ಜನದ ನಡುವೆ, ಎಲ್ಲಿ ನೋಡಿದ್ರೂ ಮರೂನ್ ಹಸಿರು. ಮಗನಿಗೆ ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ ಸ್ವೆಟರ್ ಒಳಗೇ ಇರ್ಲಿ ಅಂತ ಮೊದಲೇ ಹೇಳಿ ಒಪ್ಪಿಸಿದ್ದೆ. ಪಕ್ಕದಲ್ಲಿ ಮಂಕಿ ಟೋಪಿ ಹಾಕಿದ್ದ ಒಬ್ಬರು ತಾತ, ಎಪ್ಪತ್ತು ದಾಟಿರಬೇಕು, ಒಬ್ಬರೇ ಬಂದಿದ್ರು. ಅರ್ಧ ಗಂಟೆ ಆದ್ಮೇಲೆ ಸ್ವೆಟರ್ ಕತ್ತಿನ ಹತ್ರ ನೀಲಿ ಕಾಲರ್ ಇಣುಕಿದ್ದು ಅವರಿಗೆ ಕಂಡ್ತು. ನನ್ನೆದೆ ಧಸಕ್ ಅಂತು. ಅವರು ನೋಡಿದ್ರು, ನಕ್ಕರು, ಕೈಯಲ್ಲಿದ್ದ ಕಡ್ಲೆಕಾಯಿ ಪೊಟ್ಟಣ ಮಗನ ಮುಂದೆ ಹಿಡಿದ್ರು. ಆಮೇಲೆ ಇಬ್ಬರೂ ಸಿಪ್ಪೆ ಬಿಡಿಸ್ಕೊಂಡು ಹಿಂದೀಲಿ ಛೆಟ್ರಿ ಬಗ್ಗೆ ಮಾತಾಡ್ತಾನೇ ಇದ್ರು, ಛೆಟ್ರಿ ನಮ್ಮೂರ ಅಳಿಯ ಅಂತ ಅವರು, ಇಲ್ಲ ನಮ್ಮೂರ ಕ್ಯಾಪ್ಟನ್ ಅಂತ ಇವನು.

74ನೇ ನಿಮಿಷಕ್ಕೆ ಲಿಸ್ಟನ್ ಕೊಲಾಸೊ ಗೋಲ್ ಹೊಡೆದ. ಆ ಸದ್ದನ್ನ ಹೇಗೆ ಹೇಳೋದು, ಕಾಲ ಕೆಳಗಿನ ಕಾಂಕ್ರೀಟ್ ಅದುರ್ತಿತ್ತು, ಮಗಳು ಕಿವಿ ಮುಚ್ಕೊಂಡು ನನ್ನ ಮಡಿಲಲ್ಲಿ ಮುಖ ಹುದುಗಿಸಿದ್ಳು. ಚಿಕ್ಕ ಮಕ್ಕಳಿದ್ರೆ ಕಿವಿಗೆ ಹತ್ತಿ ಇಟ್ಕೊಂಡು ಹೋಗಿ, ನಾನು ಮರ್ತಿದ್ದೆ. ತಾತ ಎದ್ದು ಕುಣಿದು, ಮತ್ತೆ ಕೂತು, ಮಗನ ಕಡೆ ತಿರುಗಿ ಒಂದು ಮಾತೂ ಆಡದೆ ತಲೆ ಮೇಲೆ ಕೈ ಇಟ್ರು. ಅಷ್ಟೊತ್ತೂ ತಡ್ಕೊಂಡಿದ್ದವನು ಆಗ ಅತ್ತ. ಮ್ಯಾಚ್ 1-0ಗೇ ಮುಗೀತು.

ಹೊರಗೆ ಬರೋದಕ್ಕೆ ಅವಸರ ಮಾಡ್ಲಿಲ್ಲ, ಹದಿನೈದು ಇಪ್ಪತ್ತು ನಿಮಿಷ ಸೀಟಲ್ಲೇ ಕೂತು ಜನ ಕರಗಿದ ಮೇಲೆ ಎದ್ವಿ. ಮೆಟ್ರೋ ಸ್ಟೇಷನ್ ಮುಂದೆ ಸಾಲು ಬಹಳ ಉದ್ದ ಇತ್ತು, ಸ್ವಲ್ಪ ದೂರ ನಡೆದು ಕ್ಯಾಬ್ ಹಿಡಿದ್ವಿ, ಹತ್ತೂವರೆ ಒಳಗೆ ರೂಮಲ್ಲಿದ್ವಿ. ಅತ್ತೆ ಎದ್ದೇ ಇದ್ರು, ಕೆಳಗಿನ ಮನೆಯವರು ಕೊಟ್ಟ ಬಿಸಿ ಕಿಚಡಿ ಪಾತ್ರೇಲಿ ಮುಚ್ಚಿಟ್ಟಿದ್ರು. ಪಾರ್ಕ್ ಸ್ಟ್ರೀಟ್ ಅಂತ ವಾದ ಮಾಡಿದ್ದ ಯಜಮಾನ್ರು ಎರಡನೇ ಸಲ ಬಡಿಸ್ಕೊಂಡು, ಇಲ್ಲೇ ತಗೊಂಡಿದ್ದು ಒಳ್ಳೇದಾಯ್ತು ಕಣೆ ಅಂದ್ರು.

ವಾಪಸ್ ಫ್ಲೈಟ್ ಮಧ್ಯಾಹ್ನದ್ದು ಇಟ್ಕೊಂಡಿದ್ವಿ, ಮಂಜಿನ ಭಯಕ್ಕೇ. ಪಾಕದ ರಸಗುಲ್ಲ ಡಬ್ಬಿ ಚೆಕ್ ಇನ್ ಬ್ಯಾಗಲ್ಲೇ ಹಾಕಿ, ಸಂದೇಶ್ ಕೈಯಲ್ಲಿ ತರಬಹುದು ಆದರೆ ಎರಡು ದಿನಕ್ಕಿಂತ ಇಡ್ಬೇಡಿ.

ಏಪ್ರಿಲ್ 12ಕ್ಕೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಅದೇ ಸ್ಟೇಡಿಯಂನಲ್ಲಿ ಆಯ್ತು, ಅವೇ ಎರಡು ಟೀಮ್, ಎಕ್ಸ್‌ಟ್ರಾ ಟೈಮ್‌ನಲ್ಲಿ 2-1 ನಾವು ಸೋತ್ವಿ. ಮನೇಲಿ ಐದೂ ಜನ ಟೀವಿ ಮುಂದೆ ಕೂತಿದ್ವಿ, ಅತ್ತೆನೂ. ಕ್ಯಾಮೆರಾ ಆ ಬದಿಗೆ ಹೋದಾಗೆಲ್ಲ ಮಗ ಎದ್ದು ಹೋಗಿ ಸ್ಕ್ರೀನ್ ಮೇಲೆ ಬೆರಳಿಟ್ಟು ಇಲ್ಲೇ ನಾವು ಕೂತಿದ್ದು ಅಂತ ತೋರಿಸ್ತಿದ್ದ, ಮಗಳು ಹತ್ತಿರ ಹೋಗಿ ಮಂಕಿ ಟೋಪಿ ತಾತನ್ನ ಹುಡುಕ್ತಿದ್ಳು. ಏಪ್ರಿಲ್ ಬಿಸಿಲಿಗೆ ಟೋಪಿ ಹಾಕಿರಲ್ಲ ಪುಟ್ಟಿ, ಸರಿಯಾಗಿ ನೋಡು ಅಂದ್ರು ಅತ್ತೆ.