ಹಿಮ್ಮಡಿ ಏಳದಿರಲಿ, ಬೆನ್ನು ಬಾಗದಿರಲಿ

ಜಿಮ್‌ಗೆ ಸೇರಿದ ಮೊದಲ ವಾರ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಕೆ.ಜಿ. ಎತ್ತಬೇಕು?’ ಇಳಿಸುವಾಗ ಎಲ್ಲಿ ಬೇಕೆಂದರೆ ಅಲ್ಲಿ ನಿಲ್ಲಿಸಲು ಬರುವಷ್ಟು, ಅದಕ್ಕಿಂತ ಒಂದು ಗ್ರಾಂ ಹೆಚ್ಚಿಲ್ಲ ಎನ್ನುವುದು ನನ್ನ ಉತ್ತರ. ಎತ್ತುವಾಗ ದೇಹ ಹೇಗಾದರೂ ಕಳ್ಳದಾರಿ ಹುಡುಕಿಕೊಳ್ಳುತ್ತದೆ. ಸೊಂಟ ಕುಲುಕಿಸುತ್ತದೆ, ಬೆನ್ನು ಬಾಗಿಸುತ್ತದೆ, ಭುಜವನ್ನು ಕಿವಿಯವರೆಗೆ ಏರಿಸುತ್ತದೆ. ನಿಧಾನವಾಗಿ ಇಳಿಸುವಾಗ ಆ ಆಟ ನಡೆಯುವುದಿಲ್ಲ. ಎರಡು–ಮೂರು ಸೆಕೆಂಡು ತೆಗೆದುಕೊಂಡು ಇಳಿಸಿ, ಅರ್ಧದಾರಿಯಲ್ಲಿ ಒಂದು ಕ್ಷಣ ತಡೆದು ನೋಡಿ. ತಡೆಯಲು ಆಗಲಿಲ್ಲವೆಂದರೆ ಆ ತೂಕ ಇನ್ನೂ ನಿಮ್ಮದಾಗಿಲ್ಲ.

ನನಗೆ ಬೆನ್ನು ಹಿಡಿದದ್ದು ವ್ಯಾಯಾಮ ಮಾಡುವಾಗಲ್ಲ, ಮುಗಿದ ಮೇಲೆ. ಭಾರದ ಸೆಟ್‌ಗಳನ್ನೆಲ್ಲ (ನಡುವೆ ಬಿಡದೆ ಎತ್ತಿಳಿಸುವ ಒಂದು ಸುತ್ತು ಒಂದು ಸೆಟ್) ಶಿಸ್ತಾಗಿ ಮುಗಿಸಿ, ಯಾರ ಜೊತೆಗೋ ಮಾತಾಡುತ್ತ, ನೆಲದ ಮೇಲಿದ್ದ 10 ಕೆ.ಜಿ. ಪ್ಲೇಟನ್ನು (ಬಾರ್ ಎಂಬ ಉದ್ದ ಸರಳಿಗೆ ಸಿಕ್ಕಿಸುವ ತೂಕದ ಬಿಲ್ಲೆ) ಪಕ್ಕಕ್ಕೆ ತಿರುಗಿ ಬಗ್ಗಿ ಎತ್ತಿದೆ. ಎರಡು ವಾರ ಕಾಲುಚೀಲ ಹಾಕಿಕೊಳ್ಳುವುದೇ ನನ್ನ ವ್ಯಾಯಾಮವಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದ್ದರಿಂದ ಕೆಳಗೆ ಹೇಳುವ ನಿಯಮಗಳು ಬಾರ್ ಹಿಡಿದಾಗಷ್ಟೇ ಅಲ್ಲ, ಪ್ಲೇಟನ್ನು ಸ್ಟ್ಯಾಂಡಿಗೆ ಮರಳಿಸುವಾಗಲೂ ಜಾರಿಯಲ್ಲಿರುತ್ತವೆ.

ಮೊದಲ ಹತ್ತು ನಿಮಿಷ

ಐದರಿಂದ ಹತ್ತು ನಿಮಿಷ ಬಿರುಸಾಗಿ ನಡೆಯಿರಿ ಅಥವಾ ಸೈಕಲ್ ತುಳಿಯಿರಿ. ಮೈ ಸ್ವಲ್ಪ ಬೆವರಿದರೆ ಸಾಕು, ಏದುಸಿರು ಬೇಡ. ಆಮೇಲೆ ಅಂದು ಮಾಡಬೇಕಿರುವ ವ್ಯಾಯಾಮವನ್ನೇ ಹಗುರ ತೂಕದಲ್ಲಿ ಮಾಡುತ್ತ ಮೇಲೇರಿ. ಉದಾಹರಣೆಗೆ 60 ಕೆ.ಜಿ. ಸ್ಕ್ವಾಟ್ (ಬಾರನ್ನು ಹೆಗಲ ಮೇಲೆ ಹೊತ್ತು ಕೂತು ಏಳುವುದು) ಮಾಡುವವರು ಖಾಲಿ ಬಾರ್‌ನಲ್ಲಿ ಹತ್ತು ಸಲ, 40 ಕೆ.ಜಿ.ಯಲ್ಲಿ ಐದು ಸಲ, 50ರಲ್ಲಿ ಮೂರು ಸಲ ಮಾಡಿ ಆಮೇಲೆ 60ಕ್ಕೆ ಬರಬಹುದು. ಖಾಲಿ ಬಾರ್ ಎಂದರೆ ಶೂನ್ಯವಲ್ಲ ಎನ್ನುವುದು ನೆನಪಿರಲಿ. ಒಲಿಂಪಿಕ್ ಮಾದರಿಯ ಬಾರ್ ಒಂದೇ 20 ಕೆ.ಜಿ. ತೂಗುತ್ತದೆ, ಮಹಿಳೆಯರ ಸ್ಪರ್ಧೆಯದ್ದು 15. ಹೊಸಬರಿಗೆ ಎಷ್ಟೋ ಸಲ ಅದೇ ಹೆಚ್ಚು. ಅವರು ಡಂಬೆಲ್‌ನಿಂದ ಶುರುಮಾಡಲಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನೊಂದು ಪೂರ್ವಸಿದ್ಧತೆ ಹೊಟ್ಟೆಯದು. ಟ್ರೇನರ್‌ಗಳು ‘ಕೋರ್ ಟೈಟ್’ ಎಂದು ಕೂಗುತ್ತಿರುತ್ತಾರೆ, ಹೇಗೆಂದು ಹೇಳುವವರು ಕಡಿಮೆ. ಎರಡೂ ಕೈಯ ಬೆರಳುಗಳನ್ನು ಪಕ್ಕೆಯ ಕೆಳಗೆ, ಸೊಂಟದ ಮೇಲೆ ಒತ್ತಿ ಹಿಡಿದು ಒಮ್ಮೆ ಕೆಮ್ಮಿ. ಬೆರಳನ್ನು ಹೊರಕ್ಕೆ ತಳ್ಳುವ ಒಂದು ಬಿಗಿತ ಸಿಕ್ಕಿತಲ್ಲ? ಅದೇ ಬೇಕಾದದ್ದು. ಕೆಮ್ಮದೆಯೇ ಅದನ್ನು ತಂದುಕೊಳ್ಳಲು ಕಲಿಯಿರಿ. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುವುದು ಫೋಟೊಗೆ ಸರಿ, ಭಾರಕ್ಕೆ ಸಲ್ಲದು. ಇಳಿಯುವ ಮುಂಚೆ ಉಸಿರು ತುಂಬಿ ಬಿಗಿ ಹಿಡಿಯಿರಿ, ಏಳುವ ಕಷ್ಟದ ಭಾಗ ದಾಟುತ್ತ ಉಸಿರು ಬಿಡಿ. ಉಸಿರನ್ನು ಪೂರ್ತಿ ಕಟ್ಟಿ ಮುಕ್ಕಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಬಹಳ ಏರುತ್ತದೆ. ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು, ಉಸಿರು ಕಟ್ಟಲೇಬಾರದು.

ಸ್ಕ್ವಾಟ್: ಕೂತು ಏಳುವುದೇ, ಆದರೂ

ಬಸ್ಕಿ ಹೊಡೆದು ಗೊತ್ತಿರುವವರಿಗೂ ಸ್ಕ್ವಾಟ್ ಒಮ್ಮೆಗೇ ಕೈಗೂಡುವುದಿಲ್ಲ. ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಡಿ, ಬೆರಳುಗಳು ತುಸು ಹೊರಗೆ ತಿರುಗಿರಲಿ. ಅಂಗಾಲಿನ ಮೂರು ಜಾಗ ನೆಲವನ್ನು ಬಿಡಬಾರದು: ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ. ಈಗ ಸೊಂಟ ಮತ್ತು ಮಂಡಿಯನ್ನು ಒಟ್ಟಿಗೇ ಮಡಿಸಿ ಇಳಿಯಿರಿ. ಮಂಡಿ ಕಾಲ್ಬೆರಳು ತೋರಿಸುವ ದಿಕ್ಕಿನಲ್ಲೇ ಸಾಗಬೇಕು. ಏಳುವಾಗ ಎರಡೂ ಮಂಡಿ ಒಳಗೆ ವಾಲಿ ಒಂದನ್ನೊಂದು ಮುಟ್ಟಲು ಹೊರಟರೆ ತೂಕ ಇಳಿಸುವ ಹೊತ್ತಾಯಿತೆಂದು ತಿಳಿಯಿರಿ.

‘ಮಂಡಿ ಕಾಲ್ಬೆರಳನ್ನು ದಾಟಲೇಬಾರದು’ ಎಂಬ ಮಾತು ಜಿಮ್‌ಗಳಲ್ಲಿ ಶಾಸನದಂತೆ ಚಲಾವಣೆಯಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಉದ್ದ ತೊಡೆಯವರು ಆಳಕ್ಕೆ ಕೂತರೆ ಮಂಡಿ ಬೆರಳನ್ನು ದಾಟಿಯೇ ತೀರುತ್ತದೆ, ಮೆಟ್ಟಿಲು ಇಳಿಯುವಾಗಲೂ ದಾಟುತ್ತದೆ. ಬಲವಂತವಾಗಿ ತಡೆದರೆ ಮುಂಡ ಮುಂದಕ್ಕೆ ಬಾಗಿ ಆ ಹೊರೆಯೆಲ್ಲ ಸೊಂಟ, ಕೆಳಬೆನ್ನಿನ ಪಾಲಾಗುತ್ತದೆ. ನೋಡಬೇಕಾದದ್ದು ಹಿಮ್ಮಡಿಯನ್ನು. ಅದು ನೆಲಕ್ಕೆ ಅಂಟಿರುವವರೆಗೆ, ನೋವಿಲ್ಲದಿರುವವರೆಗೆ ಮಂಡಿ ಮುಂದೆ ಹೋದರೆ ಹೋಗಲಿ.

ಎಷ್ಟು ಆಳ? ತೊಡೆ ನೆಲಕ್ಕೆ ಸಮಾನಾಂತರವಾಗುವಷ್ಟು ಒಳ್ಳೆಯ ಗುರಿ. ಆದರೆ ಕೆಳಗೆ ತಲುಪಿದಾಗ ಪೃಷ್ಠ ಒಳಗೆ ಮಡಚಿ ಕೆಳಬೆನ್ನು ಗುಂಡಗಾಗುತ್ತಿದ್ದರೆ ಅದಕ್ಕಿಂತ ಒಂದಂಗುಲ ಮೇಲೆಯೇ ನಿಮ್ಮ ತಳ. ಹಿಮ್ಮಡಿ ಏಳುತ್ತದೆಯೇ? ಕಣಕಾಲು ಬಿಗಿಯಾಗಿದೆ ಎಂದರ್ಥ. ಸದ್ಯಕ್ಕೆ ಹಿಮ್ಮಡಿ ಕೆಳಗೆ ತೆಳು ಪ್ಲೇಟ್ ಇಟ್ಟುಕೊಂಡು ಮಾಡಿ, ಜೊತೆಗೆ ಮೀನಖಂಡವನ್ನು ಹಿಗ್ಗಿಸುವ ಅಭ್ಯಾಸ ಸಾಗಲಿ. ಮೆತ್ತನೆ ಅಟ್ಟೆಯ ಓಟದ ಶೂ ಸ್ಕ್ವಾಟ್‌ಗೆ ಹೊಂದುವುದಿಲ್ಲ. ಹಾಸಿಗೆ ಮೇಲೆ ನಿಂತು ಭಾರ ಹೊತ್ತಂತೆ ಆಗುತ್ತದೆ.

ಕಲಿಯಲು ಸುಲಭ ದಾರಿ ಗಾಬ್ಲೆಟ್ ಸ್ಕ್ವಾಟ್. ಒಂದು ಡಂಬೆಲ್ಲನ್ನು ನೆಟ್ಟಗೆ ಎದೆಗವಚಿ ಹಿಡಿದು ಕೂತು ಏಳುವುದು. ಮುಂದಿರುವ ತೂಕ ತಾನಾಗಿಯೇ ಮುಂಡವನ್ನು ನೆಟ್ಟಗಿಡುತ್ತದೆ, ಕೆಳಗೆ ಹೋದಾಗ ಮೊಣಕೈಗಳು ಮಂಡಿಯ ಒಳಬದಿ ಸವರುತ್ತವೆ. ಹದಿನೈದು ನಿಮಿಷದ ಉಪದೇಶಕ್ಕಿಂತ ಇದು ಬೇಗ ಕಲಿಸುತ್ತದೆ.

ಡೆಡ್‌ಲಿಫ್ಟ್: ಸೊಂಟದ ಮಡಿಕೆ

ಎರಡೂ ಕೈಯಲ್ಲಿ ಸಾಮಾನು ಹಿಡಿದು, ಹಿಂದಿರುವ ಬಾಗಿಲನ್ನು ಪೃಷ್ಠದಿಂದ ತಳ್ಳಿ ಮುಚ್ಚುತ್ತೇವಲ್ಲ, ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ಎದ್ದು ನಿಲ್ಲುವ ಡೆಡ್‌ಲಿಫ್ಟಿನ ಜೀವಾಳ ಅದೇ ಚಲನೆ. ಬೆನ್ನು ಬಾಗುವುದಿಲ್ಲ, ಸೊಂಟದ ಕೀಲು ಮಡಿಯುತ್ತದೆ. ಕಲಿಯಲು ಒಂದು ಪೊರಕೆ ಕೋಲು ಸಾಕು. ಅದನ್ನು ಬೆನ್ನುದ್ದಕ್ಕೂ ಹಿಡಿದು, ತಲೆಯ ಹಿಂಭಾಗ, ರೆಕ್ಕೆಮೂಳೆಗಳ ನಡುವೆ, ಬೆನ್ನುಮೂಳೆಯ ತುದಿ ಈ ಮೂರೂ ಕಡೆ ಕೋಲು ತಾಗಿರುವಂತೆ ಮುಂದಕ್ಕೆ ವಾಲಿ. ಯಾವ ಜಾಗ ಕೋಲನ್ನು ಬಿಟ್ಟಿತೋ ತಪ್ಪು ಅಲ್ಲಿದೆ. ಕೋಲು ಸುಳ್ಳು ಹೇಳುವುದಿಲ್ಲ, ಕನ್ನಡಿ ಹೇಳುತ್ತದೆ: ಪಕ್ಕದ ಕನ್ನಡಿ ನೋಡಲು ಕತ್ತು ತಿರುಗಿಸಿದ ಕ್ಷಣಕ್ಕೇ ಭಂಗಿ ಕೆಟ್ಟಿರುತ್ತದೆ. ಫೋನನ್ನು ಸೊಂಟದ ಎತ್ತರದಲ್ಲಿ ಪಕ್ಕಕ್ಕೆ ಇಟ್ಟು ವಿಡಿಯೊ ಮಾಡಿಕೊಳ್ಳುವುದು ಎಷ್ಟೋ ವಾಸಿ.

ಕೋಲಿನ ಪಾಠ ಮುಗಿದ ಮೇಲೆ ಬಾರ್:

1. ಬಾರ್ ಪಾದದ ನಟ್ಟನಡುವೆ ಬರುವಂತೆ ನಿಲ್ಲಿ. ಬೆರಳಿನ ಮೇಲಲ್ಲ, ಶೂ ಲೇಸಿನ ಗಂಟಿನ ಆಸುಪಾಸು.
2. ಬಾರನ್ನು ಕದಲಿಸದೆ, ಸೊಂಟ ಹಿಂದಕ್ಕೆ ತಳ್ಳಿ ಬಗ್ಗಿ ಹಿಡಿಯಿರಿ. ಕೈಗಳು ಕಾಲಿನ ಹೊರಬದಿಗೆ ಇರಲಿ.
3. ಮುಂಗಾಲ ಮೂಳೆ ಬಾರಿಗೆ ತಾಗುವಷ್ಟು ಮಂಡಿ ಮಡಿಸಿ, ಎದೆ ಎತ್ತಿ, ಬೆನ್ನನ್ನು ನೇರಮಾಡಿ.
4. ಕಂಕುಳಲ್ಲಿ ಪತ್ರಿಕೆ ಅವುಚಿಕೊಂಡಂತೆ ತೋಳನ್ನು ಪಕ್ಕೆಗೆ ಬಿಗಿಯಿರಿ. ಬಾರ್ ದೇಹದಿಂದ ದೂರ ಸರಿಯದಂತೆ ತಡೆಯುವುದು ಇದೇ ಬಿಗಿತ.
5. ಉಸಿರು ತುಂಬಿ, ನೆಲವನ್ನು ಕಾಲಿನಿಂದ ಕೆಳಗೆ ನೂಕುವಂತೆ ಏಳಿ. ಸೊಂಟವೂ ಭುಜವೂ ಒಟ್ಟಿಗೆ ಏಳಬೇಕು. ಸೊಂಟ ಮೊದಲು ಎದ್ದರೆ ಉಳಿದ ದಾರಿಯನ್ನು ಬೆನ್ನು ಒಂಟಿಯಾಗಿ ಸವೆಸಬೇಕಾಗುತ್ತದೆ.
6. ಮೇಲೆ ನೆಟ್ಟಗೆ ನಿಂತರೆ ಮುಗಿಯಿತು. ಹಿಂದಕ್ಕೆ ಬಿಲ್ಲಿನಂತೆ ಬಾಗಿ ಗೆಲುವು ಸಾರಬೇಕಿಲ್ಲ.

ಒಂದು ಸೂಕ್ಷ್ಮವನ್ನು ಯಾರೂ ಹೇಳುವುದಿಲ್ಲ. ಪೂರ್ಣ ಗಾತ್ರದ ಪ್ಲೇಟಿನ ವ್ಯಾಸ 45 ಸೆಂ.ಮೀ., ಎಂದರೆ ಬಾರ್ ನೆಲದಿಂದ ಸುಮಾರು 22.5 ಸೆಂ.ಮೀ. ಮೇಲಿರುತ್ತದೆ. ಹೊಸಬರು ಚಿಕ್ಕ ಪ್ಲೇಟ್ ಹಾಕಿದಾಗ ಬಾರ್ ಇನ್ನೂ ಕೆಳಗಿಳಿಯುತ್ತದೆ. ಹಗುರ ತೂಕದವರೇ ಹೆಚ್ಚು ಬಗ್ಗಬೇಕಾದ ವಿಚಿತ್ರ! ಬಾರಿನ ಎರಡೂ ತುದಿಯ ಕೆಳಗೆ ಗಟ್ಟಿ ಬ್ಲಾಕ್ ಇಟ್ಟು ಆ ಎತ್ತರಕ್ಕೆ ತಂದುಕೊಳ್ಳಿ.

ತಳ್ಳುವುದು, ಎಳೆಯುವುದು

ಬೆಂಚ್ ಪ್ರೆಸ್‌ನಲ್ಲಿ ಮಲಗಿದ ತಕ್ಷಣ ಎರಡೂ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಸೇರಿಸಿ ಬೆಂಚಿಗೆ ಒತ್ತಿ, ಪಾದ ನೆಲದಲ್ಲಿ ಊರಿ. ಮೊಣಕೈಗಳು ಭುಜದ ನೇರಕ್ಕೆ ಹರಡಿಕೊಂಡರೆ ಭುಜದ ಕೀಲು ಸಂಕಟಪಡುತ್ತದೆ. ಪಕ್ಕೆಯಿಂದ 45ರಿಂದ 70 ಡಿಗ್ರಿ ಒಳಗಿರಲಿ. ಬಾರ್ ಎದೆಯ ಕೆಳಭಾಗಕ್ಕೆ ಇಳಿದು, ಏರುವಾಗ ತುಸು ಹಿಂದಕ್ಕೆ ಓರೆಯಾಗಿ ಭುಜದ ನೇರಕ್ಕೆ ಬರುತ್ತದೆ. ಮಣಿಕಟ್ಟು ಹಿಂದಕ್ಕೆ ಮಡಿಯದಿರಲಿ. ಹೆಬ್ಬೆರಳನ್ನು ಬಾರಿನ ಸುತ್ತ ಹಾಕಲೇಬೇಕು, ಇದರಲ್ಲಿ ರಾಜಿಯಿಲ್ಲ: ಬಾರ್ ಜಾರಿದರೆ ಬೀಳುವುದು ಎದೆಯ ಮೇಲೆ ಅಥವಾ ಗಂಟಲ ಮೇಲೆ. ಒಬ್ಬರೇ ಇದ್ದರೆ ಸೇಫ್ಟಿ ಕಂಬಿ ಇರುವ ಚೌಕಟ್ಟಿನಲ್ಲಿ ಮಾಡಿ, ಇಲ್ಲವಾದರೆ ಡಂಬೆಲ್ ಹಿಡಿಯಿರಿ.

ರೋ (ತೂಕವನ್ನು ಹೊಟ್ಟೆಯ ಕಡೆಗೆ ಎಳೆಯುವುದು) ಮತ್ತು ಲ್ಯಾಟ್ ಪುಲ್‌ಡೌನ್‌ಗೆ (ಮೇಲಿನ ಬಾರನ್ನು ಕೆಳಗೆಳೆಯುವುದು) ಹೇಳಬೇಕಾದದ್ದು ಕಡಿಮೆ. ಕೈಯಿಂದಲ್ಲ, ಮೊಣಕೈಯಿಂದ ಎಳೆಯುತ್ತಿದ್ದೇನೆ ಎಂದುಕೊಳ್ಳಿ. ಪುಲ್‌ಡೌನ್ ಬಾರನ್ನು ಎದೆಯ ಮುಂದೆ ಇಳಿಸಿ, ಕತ್ತಿನ ಹಿಂದೆ ಬೇಡ. ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ನೇರ ಹಿಡಿದಿರುವ ಪ್ಲ್ಯಾಂಕ್‌ನಲ್ಲಿ ಸೊಂಟ ಜೋತುಬಿದ್ದ ಕ್ಷಣವೇ ಗಡಿಯಾರ ನಿಲ್ಲಿಸಿ. ಜೋತುಬಿದ್ದ ಮೂರು ನಿಮಿಷಕ್ಕಿಂತ ಬಿಗಿಯಾದ ಇಪ್ಪತ್ತು ಸೆಕೆಂಡು ಲೇಸು.

ಟ್ರೆಡ್‌ಮಿಲ್, ಸೈಕಲ್, ರೋಯಿಂಗ್

ಕಾರ್ಡಿಯೊಗೆ ಭಂಗಿ ಬೇಕಿಲ್ಲ, ಬೆವರಿದರೆ ಸಾಕು ಎಂಬ ನಂಬಿಕೆ ಇದೆ. ಒಂದೇ ತಪ್ಪನ್ನು ಬಾರ್‌ನಲ್ಲಿ ಹತ್ತು ಸಲ ಮಾಡುತ್ತೇವೆ, ಟ್ರೆಡ್‌ಮಿಲ್‌ನಲ್ಲಿ ಸಾವಿರಾರು ಸಲ.

ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರಲ್ಲಿ ಕೈದಿಗಳ ಶಿಕ್ಷೆಗೆಂದು ತುಳಿಚಕ್ರವನ್ನು ರೂಪಿಸಿದ. ಟ್ರೆಡ್‌ಮಿಲ್ ಎಂಬ ಹೆಸರು ಅಲ್ಲಿನದು. ಈಗ ಹಣ ಕೊಟ್ಟು ಹತ್ತುತ್ತೇವೆ, ಹತ್ತಿದವರು ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದು ನೇತಾಡುತ್ತಾರೆ. ಏರು ಜಾಸ್ತಿ ಮಾಡಿ, ಹಿಡಿಗೆ ಜೋತು ಹಿಂದಕ್ಕೆ ವಾಲಿ ನಡೆದರೆ ಏರಿನ ಶ್ರಮದ ಬಹುಪಾಲು ಹಿಡಿಗೇ ಸಂದಾಯ. ಕೈಬಿಟ್ಟು ನಡೆಯಲಾಗದಿದ್ದರೆ ವೇಗವನ್ನೋ ಏರನ್ನೋ ಇಳಿಸಿ. ಬೆಲ್ಟಿನ ಎರಡೂ ಬದಿಯ ಪಟ್ಟಿಯ ಮೇಲೆ ನಿಂತು ಶುರುಮಾಡಿ, ಕೆಂಪು ದಾರದ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಅದು ಅಲಂಕಾರಕ್ಕಲ್ಲ, ಬಿದ್ದರೆ ಯಂತ್ರ ನಿಲ್ಲಲಿ ಎಂದು. ಓಡುವಾಗ ಪಾದ ಮೈಯ ಕೆಳಗೇ ಊರಬೇಕು. ದೂರಕ್ಕೆ ಕಾಲು ಚಾಚಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗಿ ಆ ಪೆಟ್ಟು ಮಂಡಿಗೆ ಹೋಗುತ್ತದೆ. ಹೆಜ್ಜೆ ಚಿಕ್ಕದಿರಲಿ, ಚುರುಕಾಗಿರಲಿ.

ಸೈಕಲ್‌ನಲ್ಲಿ ಸೀಟಿನ ಎತ್ತರ ಸರಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ಸೀಟಿನ ಮೇಲೆ ಕೂತು, ಕೆಳಗೆ ಬಂದ ಪೆಡಲಿನ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೆಟ್ಟಗಾಗಬೇಕು. ಆಮೇಲೆ ಎಂದಿನಂತೆ ಬೆರಳ ಬುಡದಿಂದ ತುಳಿದರೆ ಮಂಡಿಯಲ್ಲಿ ಬೇಕಾದಷ್ಟೇ, ಸುಮಾರು 25ರಿಂದ 35 ಡಿಗ್ರಿ ಮಡಿಕೆ ಉಳಿಯುತ್ತದೆ. ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೆ ಸೀಟು ಎತ್ತರವಾಗಿದೆ.

ರೋಯಿಂಗ್ ಯಂತ್ರ ನನ್ನ ಮೆಚ್ಚಿನದು, ಅತಿ ಹೆಚ್ಚು ಅಪಮಾನಕ್ಕೊಳಗಾಗುವುದೂ ಅದೇ. ಜನ ಅದನ್ನು ಕೈಯಿಂದ ಜಗ್ಗುತ್ತಾರೆ. ಕ್ರಮ ಹೀಗೆ: ಮೊದಲು ಕಾಲು ತಳ್ಳುತ್ತದೆ, ಆಮೇಲೆ ಮುಂಡ ತುಸು ಹಿಂದಕ್ಕೆ ವಾಲುತ್ತದೆ, ಕೊನೆಗೆ ಕೈ ಪಕ್ಕೆಯ ಕೆಳಗಿನವರೆಗೆ ಎಳೆಯುತ್ತದೆ. ಮರಳುವಾಗ ತಿರುಗುಮುರುಗು: ಕೈ, ಮುಂಡ, ಕಾಲು. ಕೈ ಮಂಡಿಯನ್ನು ದಾಟಿದ ಮೇಲಷ್ಟೇ ಮಂಡಿ ಮಡಿಸಿ. ಹಿಡಿಯನ್ನು ಮಂಡಿಯ ಮೇಲೆ ಹಾರಿಸಿ ತರುತ್ತಿದ್ದೀರಿ ಎಂದರೆ ಕ್ರಮ ತಪ್ಪಿದೆ. ಪಕ್ಕದ ಡ್ಯಾಂಪರನ್ನು (ಚಕ್ರದೊಳಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಸನ್ನೆ) 10ಕ್ಕೆ ಏರಿಸುವುದು ಶೌರ್ಯವಲ್ಲ, ಅದು ಸೈಕಲ್ಲಿನ ಗೇರ್ ಇದ್ದಂತೆ. 3ರಿಂದ 5 ಸಾಕು. ನಿಮಿಷಕ್ಕೆ 20–24 ಎಳೆತದಲ್ಲಿ ಶುರುಮಾಡಿ.

ಶ್ರಮ ಎಷ್ಟಿರಬೇಕು? ಮಾತಾಡಲು ಬರಬೇಕು, ಹಾಡಲು ಬರಬಾರದು. ಮಧ್ಯಮ ಶ್ರಮ ಎಂದರೆ ಅದು. ಲೆಕ್ಕ ಬೇಕೆನ್ನುವವರಿಗೆ, 220ರಿಂದ ವಯಸ್ಸು ಕಳೆದರೆ ಗರಿಷ್ಠ ನಾಡಿಬಡಿತದ ಅಂದಾಜು ಸಿಗುತ್ತದೆ. 40 ವರ್ಷದವರಿಗೆ 180. ಅದರ ಶೇ 64ರಿಂದ 76, ಎಂದರೆ ನಿಮಿಷಕ್ಕೆ ಸುಮಾರು 115ರಿಂದ 137 ಬಡಿತ, ಮಧ್ಯಮ ಶ್ರಮದ ವ್ಯಾಪ್ತಿ. ಈ ಅಂದಾಜು ಹತ್ತು ಬಡಿತ ಆಚೀಚೆ ಆಗುವುದುಂಟು, ನಾಡಿಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಹೊಂದುವುದೇ ಇಲ್ಲ. ಅವರಿಗೆ ಮಾತಿನ ಪರೀಕ್ಷೆಯೇ ಗತಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಎರಡನ್ನೂ ಒಂದೇ ದಿನ ಮಾಡುವವರು ಭಾರವನ್ನು ಮೊದಲು ಮುಗಿಸಲಿ. ಓಡಿ ದಣಿದ ಕಾಲಿನಲ್ಲಿ ಸ್ಕ್ವಾಟ್ ಕೆಡುತ್ತದೆ.

ಯಾವಾಗ ನಿಲ್ಲಿಸಬೇಕು, ಯಾವಾಗ ಏರಿಸಬೇಕು

ಸ್ನಾಯು ಉರಿಯುವುದು ಸರಿ. ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುವುದೂ ಸರಿ. 24ರಿಂದ 72 ಗಂಟೆಯೊಳಗೆ ಅದು ಹೆಚ್ಚಿ ಆಮೇಲೆ ತಗ್ಗುತ್ತದೆ. ಕೀಲಿನಲ್ಲಿ ಚುಚ್ಚಿದಂಥ ನೋವು, ಕಾಲಿಗೋ ಕೈಗೋ ಹರಿಯುವ ಜೋಮು, ಎದೆ ಹಿಡಿತ, ತಲೆಸುತ್ತು ಬಂದರೆ ಸೆಟ್ ಅಲ್ಲಿಗೇ ಮುಗಿಯಿತು. ಎದೆ ಹಿಡಿತವಾದರೆ ‘ಗ್ಯಾಸ್ ಇರಬೇಕು’ ಎನ್ನುತ್ತ ಕೂರದೆ ತಕ್ಷಣ ವೈದ್ಯರ ಬಳಿ ಹೋಗಬೇಕು.

ಇನ್ನೆರಡು ಸಲ ಸರಿಯಾಗಿ ಎತ್ತಬಲ್ಲೆ ಎನಿಸುವಾಗ ಸೆಟ್ ನಿಲ್ಲಿಸಿ. ಎಲ್ಲ ಸೆಟ್‌ಗಳೂ ಹೀಗೆ ಎರಡು ದಿನ ಸಲೀಸಾಗಿ ಸಾಗಿದರೆ ಮುಂದಿನ ಸಲ 2.5 ಕೆ.ಜಿ. ಏರಿಸಿ. ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ, ಅದರಲ್ಲಿ ಕೆ.ಜಿ.ಯ ಪಕ್ಕ ಇನ್ನೊಂದು ಕಾಲಂ ಎಳೆಯಿರಿ. ನನ್ನದರಲ್ಲಿ ಹೋದ ವಾರದ ಬರಹ ಹೀಗಿದೆ: ‘ಸ್ಕ್ವಾಟ್ 70. ಮೂರನೇ ಸೆಟ್, ಆರನೆಯದರಲ್ಲಿ ಎಡ ಹಿಮ್ಮಡಿ ಎದ್ದಿತು. ಮುಂದಿನ ಸಲ 67.5.’