ಟಮ್ಮಿ ಟಕ್ ಆದ ಮೇಲೆ ಚರ್ಮದಡಿ ನಿಲ್ಲುವ ನೀರು: ಮನೆಯಲ್ಲಿ ವಹಿಸಬೇಕಾದ ಎಚ್ಚರ

ಟಮ್ಮಿ ಟಕ್ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಚರ್ಮವನ್ನು ಅದರಡಿಯ ಸ್ನಾಯುವಿನಿಂದ ಬಿಡಿಸಿ, ಹೆಚ್ಚಾದದ್ದನ್ನು ಕತ್ತರಿಸಿ, ಉಳಿದದ್ದನ್ನು ಕೆಳಕ್ಕೆಳೆದು ಹೊಲಿಯುತ್ತಾರೆ. ಬಿಡಿಸಿದ ಪದರಗಳು ಮತ್ತೆ ಅಂಟಿಕೊಳ್ಳುವವರೆಗೆ ಅವುಗಳ ನಡುವೆ ದ್ರವ ಒಸರುತ್ತಲೇ ಇರುತ್ತದೆ. ಅದು ಹೊರಹೋಗದೆ ಅಲ್ಲೇ ನಿಂತರೆ ಅದನ್ನು ಸೀರೋಮಾ ಎನ್ನುತ್ತಾರೆ. ಹಾಸನದಿಂದಲೋ ಚಿಕ್ಕಮಗಳೂರಿನಿಂದಲೋ ಬೆಂಗಳೂರಿಗೆ ಹೋಗಿ ಚಿಕಿತ್ಸೆ ಮಾಡಿಸಿಕೊಂಡು ಮರಳಿದವರ ವಿಷಯದಲ್ಲಿ ಈ ದ್ರವದ ಮೇಲೆ ಕಣ್ಣಿಡುವ ಕೆಲಸ ಬಹುಪಾಲು ಮನೆಯವರದ್ದೇ ಆಗುತ್ತದೆ.

ಈ ದ್ರವವನ್ನು ಹೊರಗೆಳೆಯಲು ಡ್ರೈನ್ ನಳಿಕೆ ಹಾಕಿ ಕಳುಹಿಸಿದ್ದರೆ, ಅದರ ತುದಿಯಲ್ಲಿ ದ್ರವ ತುಂಬಿಕೊಳ್ಳುವ ಮೆತ್ತನೆಯ ಬುರುಡೆಯನ್ನು, ಅಂದರೆ ಬಲ್ಬನ್ನು, ದಿನಕ್ಕೆ ಎರಡು ಮೂರು ಬಾರಿ, ಅದು ಅರ್ಧ ತುಂಬುವುದರೊಳಗೆ ಖಾಲಿ ಮಾಡಬೇಕು. ಸೋಪು ಹಚ್ಚಿ ಕೈ ತೊಳೆದು, ಮುಚ್ಚಳ ತೆಗೆದು, ದ್ರವವನ್ನು ಅಳತೆಯ ಲೋಟಕ್ಕೆ ಸುರಿದು, ಬಲ್ಬನ್ನು ಚಪ್ಪಟೆಯಾಗುವಂತೆ ಹಿಂಡಿ, ಹಿಂಡಿದ ಸ್ಥಿತಿಯಲ್ಲಿಯೇ ಮುಚ್ಚಳ ಹಾಕಬೇಕು. ಹಿಂಡದೆ ಮುಚ್ಚಿದರೆ ಅದು ಏನನ್ನೂ ಎಳೆದುಕೊಳ್ಳುವುದಿಲ್ಲ. ದಿನಾಂಕ, ಸಮಯ, ಎಷ್ಟು ಮಿಲಿ, ಯಾವ ಬಣ್ಣ ಎಂಬುದನ್ನು ಡೇರಿಯ ಹಾಲಿನ ಪುಸ್ತಕದಷ್ಟೇ ನಿಷ್ಠೆಯಿಂದ ಬರೆದಿಡಬೇಕು. ಎರಡು ನಳಿಕೆಗಳಿದ್ದರೆ ಲೆಕ್ಕವೂ ಬೇರೆ ಬೇರೆ ಇರಲಿ. ಮೊದಲು ಕೆಂಪಗಿರುವ ದ್ರವ ಕ್ರಮೇಣ ತಿಳಿಗುಲಾಬಿಯಾಗಿ, ಬಳಿಕ ಹುಲ್ಲಿನಂಥ ಹಳದಿಗೆ ತಿರುಗುತ್ತದೆ. ಸಾಮಾನ್ಯವಾಗಿ 24 ಗಂಟೆಗಳಲ್ಲಿ 30 ಮಿಲಿಗಿಂತ ಕಡಿಮೆ ಬರತೊಡಗಿದ ಮೇಲೆಯೇ ವೈದ್ಯರು ನಳಿಕೆ ತೆಗೆಯುತ್ತಾರೆ. ಅದರ ಕಿರಿಕಿರಿ ತಾಳಲಾರದೆ ಬೇಗ ತೆಗೆಸಿಕೊಳ್ಳುವ ಆತುರ ಬೇಡ.

ಹೊಟ್ಟೆಯನ್ನು ಸಮನಾಗಿ ಒತ್ತಿಹಿಡಿಯುವ ಕಂಪ್ರೆಷನ್ ಬೆಲ್ಟನ್ನು ವೈದ್ಯರು ಹೇಳಿದಷ್ಟು ವಾರ, ಹೆಚ್ಚಾಗಿ ನಾಲ್ಕರಿಂದ ಆರು ವಾರ, ಹಗಲಿರುಳು ಧರಿಸಬೇಕಾಗುತ್ತದೆ. ಬಾಣಂತಿಗೆ ಹೊಟ್ಟೆ ಕಟ್ಟಿ ಅನುಭವವಿರುವ ಹಿರಿಯರು ಹಳೆಯ ಸೀರೆಯೇ ಸಾಕೆನ್ನಬಹುದು. ಆದರೆ ಸೀರೆಯ ಬಿಗಿ ಒಂದೆಡೆ ಹೆಚ್ಚಾಗಿ ಇನ್ನೊಂದೆಡೆ ಸಡಿಲಾಗುವುದರಿಂದ ಅದು ಬೆಲ್ಟಿನ ಬದಲಿಯಾಗಲಾರದು. ಬಾಣಂತಿಯಂತೆ ಹಂಡೆಯ ಸುಡುನೀರು ಎರೆಯುವುದು, ಶಾಖ ಕೊಡುವುದು, ಎಣ್ಣೆ ತಿಕ್ಕುವುದಂತೂ ಖಂಡಿತ ಕೂಡದು. ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯ ಚರ್ಮ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ, ಸುಟ್ಟರೂ ತಿಳಿಯುವುದಿಲ್ಲ.

ಮೈ ಹೆಚ್ಚು ಅಲುಗಿದರೆ ಅಂಟುತ್ತಿರುವ ಪದರಗಳು ಒಂದಕ್ಕೊಂದು ಉಜ್ಜಿ ಮತ್ತೆ ದ್ರವ ಒಸರುತ್ತದೆ. ಮನೆಯೊಳಗೆ ನಿಧಾನವಾಗಿ, ಸ್ವಲ್ಪ ಬಾಗಿಯೇ ಓಡಾಡುವುದು ಅವಶ್ಯ, ಏಕೆಂದರೆ ಅದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಆದರೆ ನೀರಿನ ಕೊಡ ಎತ್ತುವುದು, ಮಗುವನ್ನು ಸೊಂಟಕ್ಕೇರಿಸುವುದು, ತೋಟದ ಹಳ್ಳದಿಣ್ಣೆಯ ದಾರಿಯಲ್ಲಿ ಜೀಪಿನಲ್ಲಿ ಕುಲುಕಾಡುವುದು ಸುಮಾರು ಆರು ವಾರ ಬೇಡ. ಕಾಫಿ ಕೊಯ್ಲಿನ ಕಾಲದಲ್ಲಿ ಮನೆಯಲ್ಲಿ ಸುಮ್ಮನೆ ಕೂರುವುದು ಸುಲಭವಲ್ಲ. ದಿನ ಗೊತ್ತುಮಾಡುವಾಗಲೇ ಇದನ್ನು ಯೋಚಿಸುವುದು ಜಾಣತನ. ಮಲಗುವಾಗ ಬೆನ್ನಿಗೆ, ಮಂಡಿಯಡಿಗೆ ದಿಂಬಿರಲಿ.

ನಳಿಕೆ ತೆಗೆದ ಮೇಲೂ ನೀರು ನಿಲ್ಲಬಹುದು. ಸಾಧಾರಣ ಊತ ಹೊಟ್ಟೆಯೆಲ್ಲ ಹರಡಿದ್ದು ದಿನೇದಿನೇ ಇಳಿಯುತ್ತದೆ. ಸೀರೋಮಾ ಹೆಚ್ಚಾಗಿ ಕೆಳಹೊಟ್ಟೆಯಲ್ಲಿ ಉಬ್ಬಿ, ಬೆರಳಿನಿಂದ ಮೆಲ್ಲನೆ ತಟ್ಟಿದರೆ ನೀರು ತುಂಬಿದ ಚೀಲದಂತೆ ತುಳುಕುತ್ತದೆ. ಚಿಕ್ಕದು ತಾನಾಗಿಯೇ ಇಂಗಬಹುದು. ದೊಡ್ಡದನ್ನು ವೈದ್ಯರು ಸಿರಿಂಜಿನಿಂದ ಎಳೆದು ತೆಗೆಯುತ್ತಾರೆ, ಕೆಲವು ದಿನಗಳ ಅಂತರದಲ್ಲಿ ಹಲವು ಸಲ ಹಾಗೆ ಮಾಡಬೇಕಾಗಬಹುದು. ಮನೆಯಲ್ಲಿ ಚುಚ್ಚುವುದು, ಹಿಂಡುವುದು ಕೀವಿಗೆ ದಾರಿ. ತಿಂಗಳುಗಟ್ಟಲೆ ನಿರ್ಲಕ್ಷಿಸಿದರೆ ನೀರಿನ ಸುತ್ತ ಗಟ್ಟಿ ಪೊರೆ ಬೆಳೆದು ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಹಬ್ಬುತ್ತಿರುವ ಕೆಂಪು, ದುರ್ವಾಸನೆಯ ಸ್ರಾವ, ಅಥವಾ ತಿಳಿಯಾಗಿದ್ದ ದ್ರವ ಒಮ್ಮೆಲೇ ಕಡುಗೆಂಪಾಗಿ ಬಲ್ಬ್ ಬೇಗಬೇಗ ತುಂಬುವುದು ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ಉಸಿರಾಟದ ತೊಂದರೆ, ಎದೆನೋವು, ಅಥವಾ ಒಂದೇ ಮೀನಖಂಡದ ಊತ ಮತ್ತು ನೋವು ಇದ್ದರೆ ಬೆಂಗಳೂರಿಗೆ ಹೊರಡದೆ ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೇ ಧಾವಿಸಬೇಕು.

ಪ್ರತಿ ಸಲ ಸಿರಿಂಜಿನಿಂದ ನೀರು ತೆಗೆಸಲು ಹಾಸನದಿಂದ ಸುಮಾರು 180 ಕಿಲೋಮೀಟರ್ ಪ್ರಯಾಣ ಮಾಡುವುದು ಆ ಹೊಟ್ಟೆಗೆ ಹಿತವಲ್ಲ. ಆದ್ದರಿಂದ ಡಿಸ್ಚಾರ್ಜ್ ಆಗುವಾಗಲೇ ಶಸ್ತ್ರಚಿಕಿತ್ಸೆಯ ಪೂರ್ಣ ವಿವರವಿರುವ ಚೀಟಿ ಪಡೆದು, ಊರಿನ ಯಾವ ಸರ್ಜನ್ ಬಳಿ ಈ ಕೆಲಸ ಆಗಬಹುದೆಂದು ಕೇಳಿ, ಇಬ್ಬರು ವೈದ್ಯರೂ ಒಮ್ಮೆ ಫೋನಿನಲ್ಲಿ ಮಾತನಾಡುವಂತೆ ಮಾಡಿಕೊಳ್ಳಬೇಕು.