ಬಸುರಿಯ ಸೊಂಟ ನೋವು: ಮೊಣಕಾಲು ಜೋಡಿಸಿ ಏಳಿ

ಒಂಟಿಗಾಲಲ್ಲಿ ನಿಂತು ಚೂಡಿದಾರದ ಪ್ಯಾಂಟ್ ಹಾಕಿಕೊಳ್ಳುವಾಗ ತೊಡೆಸಂದಿನಲ್ಲಿ ಚಳುಕು ಹೊಡೆಯಿತೇ? ನೋವು ಸೊಂಟದ ಮೂಳೆಗಳು ಕೂಡುವ ಕೀಲುಗಳದ್ದಿರಬಹುದು. ಗರ್ಭಿಣಿಯ ದೇಹದಲ್ಲಿ ಹಾರ್ಮೋನುಗಳು ಈ ಕೀಲುಗಳ ಕಟ್ಟನ್ನು ಸಡಿಲಿಸುತ್ತವೆ. ಮುಂದಕ್ಕೆ ಬಂದ ಹೊಟ್ಟೆ ನಡುಬೆನ್ನನ್ನು ಬಾಗಿಸುತ್ತದೆ. ಅದರ ಮೇಲೆ ಒಂದೇ ಕಾಲಿಗೆ ಭಾರ ಬಿದ್ದರೆ ಕೇಳಬೇಕೇ? ಹಾಗಾಗಿ ಬಟ್ಟೆಯನ್ನು ಕುಳಿತೇ ಹಾಕಿಕೊಳ್ಳಿ. ‘ಬಸುರಿಗೆ ಇದೆಲ್ಲ ಇದ್ದದ್ದೇ’ ಎನ್ನುವ ಹಿರಿಯರ ಮಾತು ಸುಳ್ಳೇನಲ್ಲ, ಆದರೆ ಒಂಬತ್ತು ತಿಂಗಳು ಹಲ್ಲುಕಚ್ಚಿಕೊಂಡು ಇರಬೇಕಾಗಿಲ್ಲ.

ಮೊದಲು ಹಾಸಿಗೆಯಿಂದ ಏಳುವ ಕ್ರಮ ಬದಲಿಸಿ. ಅಂಗಾತ ಮಲಗಿದಲ್ಲಿಂದ ನೇರವಾಗಿ ಎದ್ದು ಕೂರಬೇಡಿ. ಎರಡೂ ಮೊಣಕಾಲು ಮಡಚಿ, ನಡುವೆ ಸಿಕ್ಕಿಸಿಕೊಂಡ ನೋಟು ಜಾರಬಾರದು ಎನ್ನುವಂತೆ ಜೋಡಿಸಿ. ಹೆಗಲು, ಸೊಂಟ, ಮೊಣಕಾಲು ಒಟ್ಟಿಗೇ ಹೊರಳಲಿ. ಮಗ್ಗುಲಾದ ಮೇಲೆ ಪಾದಗಳನ್ನು ಕೆಳಗಿಳಿಸುತ್ತಾ, ಕೈಯೂರಿ ಕುಳಿತುಕೊಳ್ಳಿ. ಎರಡು ಉಸಿರಿನಷ್ಟು ಹೊತ್ತು ತಡೆದು, ನಂತರ ನಿಲ್ಲಿ. ಕಾರಿನಿಂದ ಇಳಿಯುವಾಗಲೂ ಹೀಗೆಯೇ, ಎರಡೂ ಕಾಲು ಒಟ್ಟಿಗೆ ಹೊರಗೆ.

ಮಲಗುವುದು ಮಗ್ಗುಲಿಗೆ, 28 ವಾರಗಳ ನಂತರವಂತೂ ಅಂಗಾತ ಮಲಗಿ ನಿದ್ರಿಸಬೇಡಿ. ಕಾಲುಗಳ ನಡುವೆ ಮೊಣಕಾಲಿನಿಂದ ಹಿಮ್ಮಡಿಯವರೆಗೂ ದಿಂಬಿರಲಿ. ಮೊಣಕಾಲಿಗಷ್ಟೇ ಇಟ್ಟರೆ ಪಾದ ಜೋತುಬಿದ್ದು ಸೊಂಟ ತಿರುಚುತ್ತದೆ. ದುಬಾರಿ ದಿಂಬೇನೂ ಬೇಡ, ಉದ್ದಕ್ಕೆ ಸುತ್ತಿದ ಹಳೆಯ ಕೌದಿ ಸಾಕು.

ಹಗಲಿನಲ್ಲಿ ಒಮ್ಮೆ ಅಂಗೈ, ಮಂಡಿ ಊರಿ ಬೆಕ್ಕಿನಂತೆ ನಿಲ್ಲಿ. ಉಸಿರು ಬಿಡುತ್ತಾ ಬೆನ್ನನ್ನು ಕಮಾನಿನಂತೆ ಮೇಲೆತ್ತಿ, ಉಸಿರೆಳೆಯುತ್ತಾ ಸಮತಟ್ಟಿಗೆ ತನ್ನಿ. ಕೆಳಕ್ಕೆ ಜೋಲುಬಿಡಬೇಡಿ. ಹತ್ತು ಸಲ ಸಾಕು. ನೋವು ಹೆಚ್ಚಿದರೆ ಅಲ್ಲಿಗೇ ಬಿಡಿ.

ಮೊದಲ ಮಗುವನ್ನು ಸೊಂಟದ ಒಂದೇ ಬದಿಗೆ ಏರಿಸಿಕೊಂಡು ಒಲೆಯ ಮುಂದೆ ನಿಲ್ಲುವ ಅಭ್ಯಾಸವಿದೆಯಲ್ಲ, ನನ್ನ ಪ್ರಕಾರ ಅರ್ಧ ನೋವಿನ ಮೂಲವೇ ಅದು. ಕುರ್ಚಿಯಲ್ಲಿ ಕುಳಿತು ಮಡಿಲಿಗೆ ಕರೆದುಕೊಳ್ಳಿ. ಮೆಟ್ಟಿಲನ್ನು ಒಂದೊಂದಾಗಿ, ನೋವಿಲ್ಲದ ಕಾಲು ಮುಂದಿಟ್ಟು ಹತ್ತಿ.

ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗಷ್ಟೇ ಹತ್ತು ನಿಮಿಷ ಇಡಿ, ಹೊಟ್ಟೆಗೆ ಬೇಡ. ಮನೆಯಲ್ಲಿರುವ ನೋವಿನ ಮುಲಾಮಿನ ಟ್ಯೂಬನ್ನು ತಿರುಗಿಸಿ ಓದಿ: ಡೈಕ್ಲೊಫೆನಾಕ್ ಎಂದಿದ್ದರೆ ವೈದ್ಯರನ್ನು ಕೇಳದೆ ಹಚ್ಚಬೇಡಿ. ಐಬುಪ್ರೊಫೇನ್ ಮಾತ್ರೆಯನ್ನೂ ನೀವಾಗಿಯೇ ನುಂಗಬೇಡಿ. ವಾರವಾದರೂ ನಡೆಯುವುದೇ ಕಷ್ಟವೆಂದರೆ ಫಿಸಿಯೊಥೆರಪಿಗೆ ಚೀಟಿ ಬರೆಸಿಕೊಳ್ಳಿ.

ನೋವು ಅಲೆಯಲೆಯಾಗಿ ಬಂದು ಹೋಗುತ್ತಿದ್ದರೆ, ರಕ್ತ ಅಥವಾ ನೀರು ಹೋದರೆ, ಜ್ವರ, ಉರಿಮೂತ್ರ ಕಾಣಿಸಿಕೊಂಡರೆ, ಕಾಲು ಮರಗಟ್ಟಿದರೆ, ಮಗುವಿನ ಅಲುಗಾಟ ಕಡಿಮೆಯಾದರೆ ದಿಂಬು ಸರಿಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ.